ಗಡಿ ದಾಟುವ ಟೊಮೆಟೊಗೆ ಸಣ್ಣ ರೈಲು ಬೇಕು

ಮಾನ್ಯ ಸಂಪಾದಕರೇ,

ಜುಲೈ, ಆಗಸ್ಟ್ ಬಂತೆಂದರೆ ಕೋಲಾರದ ಎಪಿಎಂಸಿ ಮಾರುಕಟ್ಟೆಯ ಟೊಮೆಟೊ ದರದ ಜೊತೆಗೆ ಬಾಂಗ್ಲಾದೇಶದ ಹೆಸರೂ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿಗೆ ಮಾಲು ಹೋದರೆ 15 ಕೆ.ಜಿ. ಬಾಕ್ಸಿನ ಬೆಲೆ ಏರಿತು, ಹೋಗದಿದ್ದರೆ ಇಳಿಯಿತು ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ. ಆ ಮಾಲು ಯಾವ ದಾರಿಯಲ್ಲಿ, ಯಾವ ಗಾಡಿಯಲ್ಲಿ, ಎಷ್ಟು ದಿನಕ್ಕೆ ಹೋಗುತ್ತದೆ ಎಂಬುದನ್ನು ಕೇಳುವವರು ಕಡಿಮೆ. ಬಹಳ ವರ್ಷ ಲಾರಿ ಬುಕಿಂಗ್ ಆಫೀಸಿನಲ್ಲಿ ಕುಳಿತು ಬಾಡಿಗೆ ಲೆಕ್ಕ ಬರೆದವನಾದ್ದರಿಂದ, ಬೆಲೆಯ ಏರಿಳಿತದಷ್ಟೇ ಗಮನ ಈ ಸಾಗಣೆಯ ಕಡೆಗೂ ಹರಿಯಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಕೋಲಾರದಿಂದ ಪಶ್ಚಿಮ ಬಂಗಾಳದ ಪೆಟ್ರಾಪೋಲ್ ಗಡಿಗೆ ಸುಮಾರು 1,900 ಕಿ.ಮೀ. ಇಬ್ಬರು ಚಾಲಕರಿದ್ದರೆ ಲಾರಿ ಮೂರು ದಿನದಲ್ಲಿ ಕೋಲ್ಕತ್ತ ಮುಟ್ಟುತ್ತದೆ. ಅಲ್ಲಿಂದ ಗಡಿಗೆ ಉಳಿಯುವುದು 80 ಕಿ.ಮೀ. ಮಾತ್ರ. ನಿಜವಾದ ತಾಪತ್ರಯ ಶುರುವಾಗುವುದೇ ಅಲ್ಲಿ. ಕೆಲವು ವರ್ಷಗಳ ಹಿಂದೆ ಒಂದು ಲೋಡಿನ ಜೊತೆ ನಾನೇ ಹೋಗಿದ್ದೆ. ಬನಗಾಂವ್ ಊರಿನ ಪಾರ್ಕಿಂಗ್ ಮೈದಾನದಲ್ಲಿ ಕಣ್ಣು ಹಾಯುವವರೆಗೂ ಲಾರಿಗಳಿದ್ದವು. ಸರದಿಗೆ ಅಲ್ಲಿಯವರು ‘ಸೀರಿಯಲ್’ ಎನ್ನುತ್ತಾರೆ. ನಮ್ಮ ಸೀರಿಯಲ್ ಬಂದಾಗ, ಏಜೆಂಟರೊಬ್ಬರು ಇನ್‌ವಾಯ್ಸಿನಲ್ಲಿ ಲಾರಿ ನಂಬರಿನ ಒಂದು ಅಕ್ಷರ ತಪ್ಪಾಗಿ ಟೈಪ್ ಮಾಡಿದ್ದಾರೆಂಬುದು ಬೆಳಕಿಗೆ ಬಂತು. ಅದನ್ನು ತಿದ್ದಿಸುವಷ್ಟರಲ್ಲಿ ಎರಡು ದಿನ ಹೋಯಿತು. ಎರಡನೆಯ ದಿನ ಮಧ್ಯಾಹ್ನ ತಳದ ಸಾಲಿನ ಕ್ರೇಟುಗಳಿಂದ ರಸ ತೊಟ್ಟಿಕ್ಕತೊಡಗಿ, ಲಾರಿಯ ಕೆಳಗೆ ಮಣ್ಣು ಕೆಂಪಗೆ ಒದ್ದೆಯಾಗಿತ್ತು. ಟಾರ್ಪಾಲು ಸರಿಸಿ ಗಾಳಿಯಾಡಲು ಬಿಟ್ಟರೆ ಮಳೆ, ಮುಚ್ಚಿದರೆ ಕಾವು. ಬಣ್ಣ ತಿರುಗುವ ಹೊತ್ತಿಗೇ ಕೊಯ್ದು, ಗಟ್ಟಿ ಸಿಪ್ಪೆಯ ತಳಿಯನ್ನೇ ಆರಿಸಿ ಕಳಿಸಿದ ಮಾಲಿನ ಗತಿ ಇದು.

ಗಡಿ ದಾಟಿದ ಮೇಲೂ ಆ ಲಾರಿ ಢಾಕಾಕ್ಕೆ ಹೋಗುವುದಿಲ್ಲ. ಎದುರು ಬದಿಯ ಬೆನಾಪೋಲ್‌ನ ಅಂಗಳದಲ್ಲಿ ಮಾಲನ್ನು ಇಳಿಸಿ, ಬಾಂಗ್ಲಾದ ಲಾರಿಗೆ ಏರಿಸಿ, ನಮ್ಮ ಗಾಡಿ ಖಾಲಿ ಹಿಂದಿರುಗಬೇಕು. ನಮ್ಮ ಹಿರಿಯರಿಗೆ ಇದು ಹೊಸ ಕಥೆಯಲ್ಲ. ಕೋಲಾರಕ್ಕೆ ನ್ಯಾರೋ ಗೇಜ್ ರೈಲು ಇದ್ದ ಕಾಲದಲ್ಲಿ ಬಂಗಾರಪೇಟೆಯಲ್ಲಿ ಚಿಕ್ಕ ರೈಲಿನ ಮಾಲನ್ನು ದೊಡ್ಡ ರೈಲಿಗೆ ಹಮಾಲಿಗಳು ಹೊತ್ತು ಹಾಕುತ್ತಿದ್ದರು. ಆಗ ಹಳಿಯ ಅಗಲ ಬೇರೆ ಎಂಬ ಕಾರಣವಾದರೂ ಇತ್ತು. ಪೆಟ್ರಾಪೋಲ್‌ನಲ್ಲಿ ಎರಡೂ ಕಡೆ ಒಂದೇ ಡಾಂಬರು ರಸ್ತೆ, ಒಂದೇ ಬಗೆಯ ಲಾರಿ. ಇಲ್ಲದಿರುವುದು ಪರವಾನಗಿ ಮಾತ್ರ. ಅದಕ್ಕಾಗಿಯೇ ಬಾಂಗ್ಲಾದೇಶ, ಭೂತಾನ್, ಭಾರತ ಮತ್ತು ನೇಪಾಳ 2015ರ ಜೂನ್ 15ರಂದು ಥಿಂಪುವಿನಲ್ಲಿ ಮೋಟಾರು ವಾಹನ ಒಪ್ಪಂದಕ್ಕೆ ಸಹಿ ಹಾಕಿದವು. ಭೂತಾನದ ಸಂಸತ್ತು ಅದನ್ನು ಅನುಮೋದಿಸಲಿಲ್ಲ. ತನ್ನನ್ನು ಬಿಟ್ಟು ಮುಂದುವರಿಯಿರಿ ಎಂದು 2017ರಲ್ಲಿ ಆ ದೇಶವೇ ಹೇಳಿದ ನಂತರವೂ ಉಳಿದ ಮೂರು ದೇಶಗಳ ಮಾತುಕತೆ ಕುಂಟುತ್ತಲೇ ಸಾಗಿತು. ಈ ಗಡಿಯನ್ನು ದಾಟಲು ಸರಕಿಗೆ 138 ಗಂಟೆ ಬೇಕು, ಅದರಲ್ಲಿ 28 ಗಂಟೆ ಇಳಿಸಿ ಏರಿಸುವುದಕ್ಕೇ ಹೋಗುತ್ತದೆ, ಇಷ್ಟೇ ದಟ್ಟಣೆಯ ಪೂರ್ವ ಆಫ್ರಿಕಾದ ಗಡಿಗಳಲ್ಲಿ ಆರು ಗಂಟೆಯೊಳಗೆ ಕೆಲಸ ಮುಗಿಯುತ್ತದೆ ಎಂದು ವಿಶ್ವಬ್ಯಾಂಕ್ 2021ರಲ್ಲಿ ಲೆಕ್ಕ ಕೊಟ್ಟಿತ್ತು. ನಡುವೆ ಸುಧಾರಣೆಗಳೇ ಆಗಿಲ್ಲವೆಂದರೆ ತಪ್ಪಾಗುತ್ತದೆ. ಪೆಟ್ರಾಪೋಲ್‌ನಲ್ಲಿ 2016ರಿಂದ ಸಮಗ್ರ ತಪಾಸಣಾ ಕೇಂದ್ರವಿದೆ. ಪಶ್ಚಿಮ ಬಂಗಾಳ ಸರ್ಕಾರ ಸೀರಿಯಲ್ಲನ್ನು ಆನ್‌ಲೈನ್ ಸ್ಲಾಟಿಗೆ ಬದಲಾಯಿಸಿದೆ. 2024ರ ಅಕ್ಟೋಬರ್‌ನಲ್ಲಿ ‘ಮೈತ್ರಿ ದ್ವಾರ’ ಎಂಬ ಹೊಸ ಸರಕು ಗೇಟೂ ತೆರೆಯಿತು. ಆದರೆ ಇಷ್ಟೆಲ್ಲ ಲಾರಿಗಳು ಈ ಒಂದು ಗೇಟಿಗೇ ಏಕೆ ಬರಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಉತ್ತರಕ್ಕೆ ನಾವು ದೂರ ಹೋಗಬೇಕಿಲ್ಲ. ಕೋವಿಡ್ ಕಾಲದಲ್ಲಿ ಪೆಟ್ರಾಪೋಲ್ ರಸ್ತೆ ತಿಂಗಳುಗಟ್ಟಲೆ ತೊಡಕಾದಾಗ, ಪಕ್ಕದ ಆಂಧ್ರದ ಗುಂಟೂರಿನ ಮೆಣಸಿನಕಾಯಿ ವ್ಯಾಪಾರಿಗಳು ರೈಲ್ವೆಯ ಬಾಗಿಲು ತಟ್ಟಿದರು. ಸರಕು ರೈಲಿನಲ್ಲಿ ಕಳಿಸುವುದಾದರೆ ಒಂದು ಸಲಕ್ಕೆ ಕನಿಷ್ಠ 1,500 ಟನ್ ಬೇಕು ಎಂಬುದು ಅವರಿಗಿದ್ದ ತೊಡಕು. ನಮ್ಮ ಲೆಕ್ಕದಲ್ಲಿ ಅದು ಒಂದು ಲಕ್ಷ ಬಾಕ್ಸು. ಸೀಸನ್ನಿನ ದಿನಗಳಲ್ಲಿ ಕೋಲಾರಕ್ಕೆ ಅಷ್ಟು ಮಾಲು ಬರುವುದುಂಟು, ಆದರೆ ಅಷ್ಟನ್ನೂ ಒಂದೇ ಊರಿಗೆ, ಒಂದೇ ದಿನ, ಯಾವ ಮಂಡಿಯವನೂ ಹೊಂದಿಸಲಾರ. ಆಗ ರೈಲ್ವೆಯವರು 16 ಪಾರ್ಸೆಲ್ ವ್ಯಾನುಗಳ, ಅಂದರೆ ಮುಚ್ಚಿದ ಸರಕು ಬೋಗಿಗಳ, ವಿಶೇಷ ರೈಲೊಂದನ್ನು ಕೊಟ್ಟರು. 2020ರ ಜುಲೈನಲ್ಲಿ ಗುಂಟೂರು ಬಳಿಯ ರೆಡ್ಡಿಪಾಲೆಂನಿಂದ ಹೊರಟ ಅದು ಸುಮಾರು 384 ಟನ್ ಒಣಮೆಣಸಿನಕಾಯಿಯನ್ನು ನೇರವಾಗಿ ಬೆನಾಪೋಲ್‌ಗೆ ಮುಟ್ಟಿಸಿತು. ರಸ್ತೆಯಲ್ಲಾದರೆ ಟನ್ನಿಗೆ 7,000 ರೂಪಾಯಿ ತಗಲುತ್ತಿದ್ದದ್ದು ಈ ರೈಲಿನಲ್ಲಿ 4,608 ರೂಪಾಯಿಗೆ ಮುಗಿಯಿತು. 384 ಟನ್ ಎಂದರೆ ನಮ್ಮ 25 ಸಾವಿರ ಚಿಲ್ಲರೆ ಬಾಕ್ಸು. ನಾಲ್ಕಾರು ಮಂಡಿಗಳು ಸೇರಿದರೆ ಒಂದು ಬೆಳಗ್ಗೆ ಕೂಡಿಸಬಹುದಾದ ಮಾಲು ಅದು. ಲಾರಿ ಕಸುಬಿನವನಾದ ನಾನು ರೈಲಿನ ಪರ ವಾದಿಸುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ವಾರಗಟ್ಟಲೆ ನಿಂತ ಲಾರಿಯ ಹಾಲ್ಟಿಂಗ್ ಚಾರ್ಜಿಗಾಗಿ ಜಗಳವಾಡಿದವರಿಗೆ ಕಾರಣ ಅರ್ಥವಾಗುತ್ತದೆ.

ಹಳಿಯೂ ಅನುಕೂಲವಾಗಿಯೇ ಇದೆ. ಪದ್ಮಾ ನದಿಯ ಪಶ್ಚಿಮಕ್ಕಿರುವ ಬಾಂಗ್ಲಾ ರೈಲು ಮಾರ್ಗಗಳು ಬಹುತೇಕ ನಮ್ಮಂತೆಯೇ ಬ್ರಾಡ್ ಗೇಜ್. 1965ರ ಯುದ್ಧದಲ್ಲಿ ಮುಚ್ಚಿಹೋದ ಗಡಿ ಸಂಪರ್ಕಗಳನ್ನು ಒಂದೊಂದಾಗಿ ತೆರೆಯುತ್ತ ಬರಲಾಯಿತು. ಪೆಟ್ರಾಪೋಲ್ ಮತ್ತು ಗೆದೆಯ ದಾರಿಗಳ ಜೊತೆಗೆ 2020ರ ಡಿಸೆಂಬರ್‌ನಲ್ಲಿ ಹಲ್ದಿಬಾಡಿ–ಚಿಲಾಹಾಟಿ ಮಾರ್ಗವೂ ಸೇರಿತು. ಪದ್ಮಾ ಸೇತುವೆಯ ಮೇಲಿನ ಹೊಸ ಹಳಿಯಿಂದಾಗಿ 2024ರ ಕೊನೆಯಿಂದ ಬೆನಾಪೋಲ್‌ನಿಂದ ಢಾಕಾಕ್ಕೆ ರೈಲಿನಲ್ಲಿ ಸುತ್ತು ಬಳಸದೆ ಹೋಗಬಹುದಾಗಿದೆ.

ಇನ್ನು ಭಾರದ ಮಾಲು ರಸ್ತೆಗೆ ಬರಲೇಬೇಕೆಂದಿಲ್ಲ. ನಮ್ಮ ಶಕ್ತಿನಗರದಲ್ಲಿ ರಾಶಿ ಬೀಳುವಂಥದೇ ಹಾರುಬೂದಿ ಪಶ್ಚಿಮ ಬಂಗಾಳದ ವಿದ್ಯುತ್ ಸ್ಥಾವರಗಳಿಂದ ಬಾಂಗ್ಲಾದ ಸಿಮೆಂಟ್ ಕಾರ್ಖಾನೆಗಳಿಗೆ ಸಣ್ಣ ಬಾರ್ಜ್‌ಗಳಲ್ಲಿ, ಸುಂದರಬನದ ಕಾಲುವೆಗಳ ಮೂಲಕ, ಉಬ್ಬರ ಇಳಿತ ನೋಡಿಕೊಂಡು ಸಾಗುತ್ತದೆ. 1972ರ ಒಳನಾಡು ಜಲಸಾರಿಗೆ ಒಪ್ಪಂದ ಇದಕ್ಕೆ ಆಧಾರ. ಬೂದಿಗೆ ಅವಸರವಿಲ್ಲ, ನಾಲ್ಕು ದಿನ ತಡವಾದರೆ ಕೊಳೆಯುವುದೂ ಇಲ್ಲ. 2019ರ ಜುಲೈನಲ್ಲಿ ಭೂತಾನದ ಕಲ್ಲು ಸಾಗಿದ ಬಗೆ ಇನ್ನೂ ಸೊಗಸು. ಫುಂಟ್‌ಶೋಲಿಂಗ್‌ನಿಂದ ಅಸ್ಸಾಮಿನ ಧುಬ್ರಿಯವರೆಗೆ 160 ಕಿ.ಮೀ. ಲಾರಿಯಲ್ಲಿ ಬಂದ ಕಲ್ಲು, ಅಲ್ಲಿಂದ ಒಂದೇ ಹಡಗಿನಲ್ಲಿ 1,000 ಟನ್ನಿನಷ್ಟು, ಬ್ರಹ್ಮಪುತ್ರದ ಮೇಲೆ ನಾರಾಯಣಗಂಜ್‌ಗೆ ಹೋಯಿತು. ಮೂರು ದೇಶ, ಎರಡು ಬಗೆಯ ವಾಹನ. ಸಮುದ್ರದ ಮಾತೂ ಹಾಗೆಯೇ. 2015ರ ಕರಾವಳಿ ಹಡಗು ಒಪ್ಪಂದಕ್ಕೆ ಮೊದಲು ಚಿತ್ತಗಾಂಗ್‌ಗೆ ಹೋಗುವ ಕಂಟೇನರುಗಳು ಕೊಲಂಬೊ ಅಥವಾ ಸಿಂಗಪುರ ಸುತ್ತಿ ತಿಂಗಳಿಗೂ ಮೀರಿ ಸಮಯ ತಿನ್ನುತ್ತಿದ್ದವು. ಒಪ್ಪಂದದ ಬಳಿಕ, 2017ರ ಅಕ್ಟೋಬರ್‌ನಲ್ಲಿ, ಚೆನ್ನೈ ಬಂದರಿನಿಂದ 185 ಟ್ರಕ್ಕುಗಳನ್ನು ಹಡಗಿಗೇ ಓಡಿಸಿ ಹತ್ತಿಸಿ ನೇರವಾಗಿ ಬಾಂಗ್ಲಾದ ಮೊಂಗ್ಲಾ ಬಂದರಿಗೆ ಕಳಿಸಲಾಯಿತು. ಇಲ್ಲವಾದರೆ ಅಷ್ಟೂ ಗಾಡಿಗಳು ರಸ್ತೆಯಲ್ಲಿ ಬಂದು ನಮ್ಮ ಟೊಮೆಟೊ ಲಾರಿಗಳ ಮುಂದೆ ಸೀರಿಯಲ್ ಹಚ್ಚುತ್ತಿದ್ದವು.

ಎರಡೂ ಸರ್ಕಾರಗಳಿಗೆ ದಾರಿಯ ಬೆಲೆ ಗೊತ್ತಿಲ್ಲವೆಂದು ನಾನು ಹೇಳಲಾರೆ. 2025ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶ ಭಾರತದ ನೂಲು ತನ್ನ ಭೂಬಂದರುಗಳ ಮೂಲಕ ಬರಬಾರದೆಂದಿತು. ಅದೇ ತಿಂಗಳು ಭಾರತ, ಬಾಂಗ್ಲಾದ ಸರಕು ನಮ್ಮ ಬಂದರು ಮತ್ತು ವಿಮಾನ ನಿಲ್ದಾಣಗಳ ಮೂಲಕ ಬೇರೆ ದೇಶಗಳಿಗೆ ಹೋಗಲು 2020ರಲ್ಲಿ ಕೊಟ್ಟಿದ್ದ ಸೌಲಭ್ಯವನ್ನು ಹಿಂಪಡೆಯಿತು. ಮೇ ತಿಂಗಳಲ್ಲಿ ಬಾಂಗ್ಲಾದ ಸಿದ್ಧ ಉಡುಪು ಕೋಲ್ಕತ್ತ ಮತ್ತು ಮುಂಬೈ ಬಳಿಯ ನ್ಹಾವಾ ಶೇವಾ ಬಂದರುಗಳಿಗೆ ಮಾತ್ರ ಬರಬೇಕೆಂದು ಆದೇಶ ಹೊರಟಿತು. ಸರಕನ್ನು ನಿಷೇಧಿಸದೆ ದಾರಿಯನ್ನು ಮಾತ್ರ ಬದಲಾಯಿಸಿದರೂ ಎದುರು ಪಕ್ಷಕ್ಕೆ ಎಷ್ಟು ಪೆಟ್ಟು ಬೀಳುತ್ತದೆಂದು ಬಲ್ಲವರೇ ಇಂಥ ಆದೇಶ ಬರೆಯಬಲ್ಲರು. ರಾಜಕೀಯದ ಸರಿತಪ್ಪು ಈ ಪತ್ರದ ವಿಷಯವಲ್ಲ. ಮುಚ್ಚುವಾಗ ತೋರಿದ ಆ ಲೆಕ್ಕಾಚಾರ ತೆರೆಯುವಾಗಲೂ ಇರಲಿ ಎಂಬುದಷ್ಟೇ ನನ್ನ ಕೋರಿಕೆ. 2020ರ ಸೆಪ್ಟೆಂಬರ್‌ನಲ್ಲಿ ಈರುಳ್ಳಿ ರಫ್ತನ್ನು ರಾತ್ರೋರಾತ್ರಿ ನಿಲ್ಲಿಸಿದಾಗ ಗಡಿಯಲ್ಲಿ ನಿಂತ ಲಾರಿಗಳಲ್ಲೇ ಈರುಳ್ಳಿ ಕೊಳೆತದ್ದನ್ನು ನಮ್ಮ ಕಸುಬಿನ ಯಾರೂ ಮರೆತಿಲ್ಲ.

ಟೊಮೆಟೊ ಒಣಮೆಣಸಿನಕಾಯಿಯಲ್ಲ, ಮುಚ್ಚಿದ ವ್ಯಾನಿನಲ್ಲಿ ಬೆವರಿ ಹಾಳಾಗುತ್ತದೆ ಎಂದು ಮಂಡಿಯವರು ಹೇಳುತ್ತಾರೆ. ಮಾತು ನಿಜ. ಗಾಳಿ ಕಿಂಡಿಗಳಿರುವ ವ್ಯಾನು ಬೇಕು, ಕ್ರೇಟುಗಳ ನಡುವೆ ಸಂದು ಬಿಟ್ಟು ಜೋಡಿಸಬೇಕು, ರೈಲನ್ನು ದಾರಿಯ ಯಾವುದೋ ಲೂಪ್ ಲೈನಿನಲ್ಲಿ ಅರ್ಧ ದಿನ ನಿಲ್ಲಿಸದೆ ವೇಳಾಪಟ್ಟಿಯ ಪ್ರಕಾರ ಓಡಿಸಬೇಕು. ಬೆನಾಪೋಲ್ ನಿಲ್ದಾಣದಿಂದ ಮುಂದಿನ ಮಾರುಕಟ್ಟೆಗೆ ಲಾರಿ ಬೇಕೇ ಬೇಕು, ಅಲ್ಲಿ ಒಂದು ಸಲ ಇಳಿಸಿ ಏರಿಸುವ ಕೆಲಸ ತಪ್ಪುವುದಿಲ್ಲ. ಆದರೂ ಗೇಟಿನ ಮುಂದಿನ ದಿನಗಳು ಉಳಿಯುತ್ತವೆ. ಹಣ್ಣಿನ ಆಯಸ್ಸಿನಲ್ಲಿ ಅವೇ ದುಬಾರಿ ದಿನಗಳು.

ಆದ್ದರಿಂದ ನೈರುತ್ಯ ರೈಲ್ವೆ, ತೋಟಗಾರಿಕೆ ಇಲಾಖೆ ಮತ್ತು ಎಪಿಎಂಸಿ ಆಡಳಿತ ಒಟ್ಟಿಗೆ ಕುಳಿತು, ಮುಂದಿನ ಸೀಸನ್ನಿನಲ್ಲಿ ಬಂಗಾರಪೇಟೆಯಿಂದ ಬೆನಾಪೋಲ್‌ಗೆ ವಾರಕ್ಕೊಂದು ಪಾರ್ಸೆಲ್ ರೈಲನ್ನು ಎಂಟು ವಾರ ಪ್ರಯೋಗಕ್ಕಾಗಿ ಓಡಿಸಲಿ. ಪೂರ್ತಿ ರೈಲು ತುಂಬದಿದ್ದರೆ ಚಿಂತಾಮಣಿ, ಶ್ರೀನಿವಾಸಪುರದ ಮಾಲು ಸೇರಿಸಲಿ, ವ್ಯಾನಿನ ಲೆಕ್ಕದಲ್ಲಿ ಬುಕಿಂಗ್ ಕೊಡಲಿ, ಸುಂಕದ ಕಾಗದವನ್ನು ಹೊರಡುವ ಮೊದಲೇ ಇಲ್ಲಿಯೇ ಮುಗಿಸಿ ಸೀಲು ಹಾಕಲಿ. ಮೊದಲ ವಾರದ ಮೂರು ವ್ಯಾನಿಗೆ ಬೇಕಾದ ಮಾಲು ಹೊಂದಿಸಿಕೊಡುವ ಮಂಡಿಯವರ ಹೆಸರುಗಳನ್ನು ನಾನೇ ಬರೆಸಿ ಕೊಡುತ್ತೇನೆ.

ಇತಿ ತಮ್ಮ ಓದುಗ,
ನಿವೃತ್ತ ಲಾರಿ ಬುಕಿಂಗ್ ಏಜೆಂಟ್, ಕೋಲಾರ