ಗೊಂಬೆಯ ಲೆಕ್ಕ ತೋರಿಸುವ ಮೊದಲು, ಎಣಿಸಿದ್ದು ಏನು ಅಂತ ಹೇಳಿ

ಸಂಪಾದಕರಿಗೆ ನಮಸ್ಕಾರ.

ನಮ್ಮದು ಚನ್ನಪಟ್ಟಣ. ಚಿಕ್ಕಪ್ಪ ಲೇತ್ (ಮರದ ತುಂಡನ್ನು ತಿರುಗಿಸುವ ಯಂತ್ರ) ಮುಂದೆ ಕೂತು ಗೊಂಬೆ ಮಾಡುತ್ತಾರೆ, ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ, ದಿನಾ ರೈಲಿನಲ್ಲಿ ಓಡಾಟ. ಕೆಲವು ತಿಂಗಳ ಹಿಂದೆ ಆಟಿಕೆ ಆಮದು ರಫ್ತಿನ ಬಗ್ಗೆ ಮೊಬೈಲಿನಲ್ಲಿ ಒಂದು ಚಾರ್ಟ್ ನೋಡಿದೆ. ಆಮದಿನ ಕಂಬ ಸಣ್ಣದಾಗುತ್ತಾ ಬಂದಿದೆ, ರಫ್ತಿನದ್ದು ಏರಿದೆ. ಖುಷಿಯಾಗಿ ಚಿಕ್ಕಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಇದರಲ್ಲಿ ನಮ್ಮದು ಎಲ್ಲಿದೆ ತೋರಿಸಮ್ಮ."

ನನಗೆ ತೋರಿಸಲು ಆಗಲಿಲ್ಲ. ಅಲ್ಲಿಂದ ಶುರುವಾದ ಕೆಲಸದ ಬಗ್ಗೆ ಈ ಪತ್ರ. ಗೊಂಬೆ, ಆಟಿಕೆಗಳ ಲೆಕ್ಕವನ್ನು ಚಾರ್ಟ್‌ನಲ್ಲಿ ತೋರಿಸುವ ಆ್ಯಪ್ ಮಾಡುವವರು ಈಗ ಜಾಸ್ತಿಯಾಗಿದ್ದಾರೆ, ಪತ್ರಿಕೆಗಳೂ ಅಂಥ ಚಾರ್ಟ್ ಹಾಕುತ್ತವೆ. ಅವರೆಲ್ಲರಿಗೂ, ನಿಮಗೂ ಸೇರಿಸಿ, ಹೇಳಬೇಕಾದ್ದು ಇದೆ.

ಮೊದಲು ಆ ಆಮದಿನ ಲೆಕ್ಕವನ್ನೇ ತಗೊಳ್ಳಿ. ಕೇಂದ್ರ ಸರ್ಕಾರ 2022ರಲ್ಲಿ ಕೊಟ್ಟ ಅಂಕಿಗಳ ಪ್ರಕಾರ 2018–19ರಲ್ಲಿ ಆಟಿಕೆ ಆಮದು 37.1 ಕೋಟಿ ಡಾಲರ್ ಇತ್ತು, 2021–22ರಲ್ಲಿ 11 ಕೋಟಿಗೆ ಇಳಿಯಿತು. ಅದೇ ಹೇಳಿಕೆಯಲ್ಲಿ ಇನ್ನೊಂದು ಜೋಡಿಯೂ ಇದೆ: 30.4 ಕೋಟಿಯಿಂದ 3.6 ಕೋಟಿಗೆ. ಎರಡೂ ಸರಿ. ಮೊದಲನೆಯದು 9503, 9504, 9505 ಅನ್ನುವ ಮೂರು ಕಸ್ಟಮ್ಸ್ ಕೋಡ್‌ಗಳನ್ನು ಸೇರಿಸಿದ ಮೊತ್ತ, ಎರಡನೆಯದು 9503 ಒಂದೇ. ಮಕ್ಕಳ ಗೊಂಬೆ, ಬಂಡಿ, ಪಜಲ್ ಬರುವುದು 9503ರಲ್ಲಿ. 9504ರಲ್ಲಿ ವಿಡಿಯೊ ಗೇಮ್ ಕನ್ಸೋಲ್, ಇಸ್ಪೀಟು, ಬಿಲಿಯರ್ಡ್ಸ್ ಸಾಮಾನು ಇವೆ. 9505 ಅಂದರೆ ಹಬ್ಬದ ಅಲಂಕಾರದ ಸಾಮಾನು. ಎಲ್ಲಕ್ಕೂ "ಆಟಿಕೆ" ಅಂತ ಒಂದೇ ಹೆಸರು ಬರೆದು ಕಂಬ ಎಳೆದರೆ ನೋಡುವವರಿಗೆ ಏನು ಗೊತ್ತಾಗಬೇಕು? ಒಂದು ಚಾರ್ಟ್ ಪ್ರಕಾರ ಆಮದು ನೂರಕ್ಕೆ 70ರಷ್ಟು ಇಳಿದಿದೆ, ಇನ್ನೊಂದರ ಪ್ರಕಾರ 88ರಷ್ಟು. ಕೋಡ್ ಬರೆಯದಿದ್ದರೆ ಇಬ್ಬರು ಓದುಗರು ಸುಮ್ನೆ ಜಗಳ ಆಡುತ್ತಾರೆ, ಇಬ್ಬರ ಕೈಯಲ್ಲೂ ಸರಿಯಾದ ಅಂಕಿಯೇ ಇರುತ್ತದೆ.

ಅದು ಡಾಲರ್ ಲೆಕ್ಕ ಅನ್ನುವುದನ್ನೂ ಮರೆಯಬಾರದು. 2018–19ರಲ್ಲಿ ಡಾಲರ್ ಸುಮಾರು 70 ರೂಪಾಯಿ ಇತ್ತು, 2021–22ರಲ್ಲಿ 74–75. ಅದೇ ಸಾಮಾನನ್ನು ರೂಪಾಯಿಯಲ್ಲಿ ಬರೆದರೆ ಗೆರೆಯ ಇಳಿಜಾರು ಬೇರೆ ಆಗುತ್ತದೆ. ಇನ್ನು ಬೆಲೆಯ ಲೆಕ್ಕ ನೋಡಿ ಎಷ್ಟು ಗೊಂಬೆ ಬಂತು ಅಂತ ಹೇಳಲು ಬರುವುದೇ ಇಲ್ಲ.

ಇಳಿದದ್ದು ಯಾಕೆ ಅನ್ನುವುದನ್ನೂ ಚಾರ್ಟ್ ತಾನೇ ಹೇಳುವುದಿಲ್ಲ, ಆದರೆ ಹೇಳಿದ ಹಾಗೆ ಕಾಣುತ್ತದೆ, ಅಪಾಯ ಇರುವುದು ಅಲ್ಲೇ. 2020ರ ಫೆಬ್ರವರಿಯಲ್ಲಿ ಆಟಿಕೆ ಮೇಲಿನ ಆಮದು ಸುಂಕ ನೂರಕ್ಕೆ 20ರಿಂದ 60ಕ್ಕೆ ಏರಿತು. ಮುಂದಿನ ತಿಂಗಳೇ ಲಾಕ್‌ಡೌನ್. 2021ರ ಜನವರಿ 1ರಿಂದ ಆಟಿಕೆಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುಣಮಟ್ಟದ ಗುರುತು ಕಡ್ಡಾಯವಾಯಿತು. 2023ರಲ್ಲಿ ಸುಂಕ 70ಕ್ಕೆ ಹೋಯಿತು. ಇಷ್ಟೆಲ್ಲ ಒಂದರ ಹಿಂದೆ ಒಂದು ಬಂದಿರುವಾಗ ಗೆರೆ ಇಳಿದ ಜಾಗದಲ್ಲಿ ಒಂದೇ ಕಾರಣ ಬರೆದರೆ ಉಳಿದದ್ದೆಲ್ಲ ಮರೆಯಾಗುತ್ತದೆ. ಗೆರೆಯ ಮೇಲೆ ನಾಲ್ಕು ಚುಕ್ಕೆ ಇಟ್ಟು ನಾಲ್ಕು ತಾರೀಕು ಬರೆದರೆ ಸಾಕು, ಓದುವವರು ತಾವೇ ಯೋಚಿಸುತ್ತಾರೆ.

ಚಿಕ್ಕಪ್ಪನಿಗಾಗಿ ನಾನೇ ಒಂದು ಸಣ್ಣ ಆ್ಯಪ್ ಮಾಡಲು ಕೂತೆ. ಅವರ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇದೆ. ಪುಟದ ಅಂಚಿನಲ್ಲೆಲ್ಲ ಹಳದಿ, ಕೆಂಪು ಬೆರಳಚ್ಚು, ಮಡಿಕೆಯಲ್ಲಿ ಮರದ ಹೊಟ್ಟು. ಒಂದು ಸಾಲು ಹೀಗಿತ್ತು: "ಚಕ್ರ 400, ಬಂಡಿ 40, ಬುಗುರಿ 6 ಡ." ನಾನು ಅದನ್ನು ಹಾಗೇ ಟೈಪ್ ಮಾಡಿ ಚಾರ್ಟ್ ಮಾಡಿದೆ. ಚಕ್ರದ ಕಂಬ ತೆರೆಯ ಮೇಲಿನ ತನಕ ಹೋಯಿತು, ಬಂಡಿ ನೆಲಕ್ಕೆ ಅಂಟಿಕೊಂಡಿತು, ಬುಗುರಿ ಕಾಣಲೇ ಇಲ್ಲ. ಚಿಕ್ಕಪ್ಪ ನೋಡಿ, "ನಾವು ಚಕ್ರ ಮಾರೋರಲ್ಲ ಕಣಮ್ಮ" ಅಂದರು.

ಆಮೇಲೆ ಬಿಡಿಸಿ ಹೇಳಿದರು. ಒಂದು ಬಂಡಿಗೆ ನಾಲ್ಕು ಚಕ್ರ, ಹಾಗಾಗಿ 400 ಚಕ್ರ ಅಂದರೆ 100 ಬಂಡಿಯ ಸಾಮಾನು. ಅದರಲ್ಲಿ ಜೋಡಿಸಿ ಮುಗಿಸಿದ್ದು 40, ಅದಕ್ಕೆ ಹೋದ ಚಕ್ರ 160. ಉಳಿದ 240ರಲ್ಲಿ ಒಂದಷ್ಟು ಜೋಡಣೆ ಮಾಡುವ ಪಕ್ಕದ ಬೀದಿಯ ಮನೆಗೆ ಹೋಗಿವೆ, ಮಿಕ್ಕಿದ್ದು ಚೀಲದಲ್ಲಿವೆ. "6 ಡ" ಅಂದರೆ ಆರು ಡಜನ್, 72 ಬುಗುರಿ, ನಾನು ಅದನ್ನು ಆರು ಅಂತ ಹಾಕಿದ್ದೆ. ಪುಸ್ತಕದ ಒಂದೇ ಸಾಲಿನಲ್ಲಿ ಮೂರು ಥರದ ಎಣಿಕೆ ಇತ್ತು, ಬಿಡಿಭಾಗ, ಪೂರ್ತಿ ಗೊಂಬೆ, ಡಜನ್. ಪುಸ್ತಕದಲ್ಲಿ ತಪ್ಪಿರಲಿಲ್ಲ, ಬರೆಯುವವರಿಗೆ ಅದು ಗೊತ್ತಿತ್ತು. ಗೊತ್ತಿಲ್ಲದೆ ಕಂಬ ಎಳೆದದ್ದು ನಾನು.

ಹಾಗಾಗಿ ಈಗ ಆ್ಯಪ್‌ನಲ್ಲಿ ಒಂದು ಗೊಂಬೆಗೆ ಮೂರು ಹಂತ ಇದೆ. ಲೇತ್ ಮೇಲಿಂದ ಇಳಿದದ್ದು, ಜೋಡಿಸಿ ಮುಗಿಸಿದ್ದು, ಮಾರಿದ್ದು. ಮೂರೂ ಗೊಂಬೆಯ ಲೆಕ್ಕದಲ್ಲೇ ಕಾಣುತ್ತವೆ, ಚಕ್ರವನ್ನು ಆ್ಯಪ್ಪೇ ನಾಲ್ಕರಿಂದ ಭಾಗಿಸುತ್ತದೆ. ಮೊದಲ ಕಂಬ ಉದ್ದ, ಎರಡನೆಯದು ಗಿಡ್ಡ ಅಂದರೆ ಜೋಡಿಸುವ ಕೈ ಸಾಲುತ್ತಿಲ್ಲ ಅಂತ ಅರ್ಥ. ಎರಡನೆಯದು ಉದ್ದ, ಮೂರನೆಯದು ಗಿಡ್ಡ ಅಂದರೆ ಮಾಲು ಅಂಗಡಿಯಲ್ಲಿ ಕೂತಿದೆ. ಇದನ್ನು ತೋರಿಸಿದ ದಿನ ಚಿಕ್ಕಪ್ಪ ಮೊದಲ ಸಲ ಫೋನನ್ನು ತಮ್ಮ ಕೈಗೆ ತಗೊಂಡರು.

ಆ್ಯಪ್‌ನಲ್ಲಿ ಅಂಕಿ ತುಂಬಿಸುವ ಪರದೆಯನ್ನೂ ಬದಲಾಯಿಸಬೇಕಾಯಿತು. ಕೆಲಸ ಮುಗಿಸಿ ಕೂತವರಿಗೆ ಕನ್ನಡ ಕೀಬೋರ್ಡ್‌ನಲ್ಲಿ ಗಿಲಕಿ, ಬುಗುರಿ ಅಂತ ಟೈಪ್ ಮಾಡು ಅನ್ನುವುದು ನ್ಯಾಯ ಅಲ್ಲ. ಗೊಂಬೆಯ ಫೋಟೊ ಇದೆ, ಅದರ ಪಕ್ಕ ಎರಡು ಗುಂಡಿ: ಒಂದು ಒತ್ತಿದರೆ ಒಂದು ಗೊಂಬೆ, ಇನ್ನೊಂದು ಒತ್ತಿದರೆ ಒಂದು ಡಜನ್. ಅಷ್ಟೇ. ಚಾರ್ಟ್ ಚೆನ್ನಾಗಿರಬೇಕು ಅಂದರೆ ಅಂಕಿ ತುಂಬುವ ಜಾಗ ಮೊದಲು ಚೆನ್ನಾಗಿರಬೇಕು ಅಲ್ವಾ.

ಎಣಿಕೆಗೆ ಸಿಗದ್ದೂ ಇದೆ. ಆಲೆ ಮರದ ತುಂಡು ತಿರುಗುವಾಗ ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಕೇದಗೆ ಗರಿ ಹಿಡಿದು ಹೊಳಪು ತರುತ್ತಾರೆ. ಒಂದು ಬಣ್ಣದ ಬಳೆ ಬೇಗ ಆಗುತ್ತದೆ. ಅದೇ ಒಂದರೊಳಗೊಂದು ಕೂರುವ ಗೊಂಬೆಯಾದರೆ ಒಳಗೆ ಕೊರೆಯಬೇಕು, ಬಾಯಿ ಸರಿಯಾಗಿ ಕೂರಬೇಕು, ಐದಾರು ಬಣ್ಣ ಬೇಕು. ಎರಡನ್ನೂ "ಒಂದು" ಅಂತ ಎಣಿಸಿ, ಈ ವಾರ ಉತ್ಪಾದನೆ ಇಳಿಯಿತು ಅಂತ ಕೆಂಪು ಬಾಣ ತೋರಿಸುವ ಆ್ಯಪ್ ನಾನು ಕಂಡಿದ್ದೇನೆ. ಕಷ್ಟದ ಗೊಂಬೆ ಮಾಡಿದ ವಾರವೇ ಕೆಂಪು ಬಾಣ ಬರುತ್ತದೆ. ಅದನ್ನು ನೋಡಿದ ಕೆಲಸಗಾರರಿಗೆ ಎಷ್ಟು ಬೇಜಾರಾಗುತ್ತದೆ ಅನ್ನುವುದನ್ನು ಮಾಡಿದವರು ಯೋಚಿಸಿಲ್ಲ. ನಾನು ಗೊಂಬೆಯ ಜೊತೆ ಹಿಡಿದ ಹೊತ್ತನ್ನೂ ಕೇಳುತ್ತೇನೆ, ಅಂದಾಜಿಗೆ ಅರ್ಧ ದಿನ, ಒಂದು ದಿನ ಅಂತ ಹಾಕಿದರೂ ಸಾಕು.

ಈಗ ಚಾರ್ಟ್‌ನ ರೂಪದ ವಿಷಯ. ಒಮ್ಮೆ ಒಂದು ತರಬೇತಿಗೆ ಕುಶಲಕರ್ಮಿಗಳನ್ನು ಕರೆದಿದ್ದರು, ನಾನೂ ಚಿಕ್ಕಪ್ಪನ ಜೊತೆ ಹೋಗಿದ್ದೆ. ಗೋಡೆಯ ಮೇಲೆ ಒಂದು ದುಂಡನೆಯ ಪೈ ಚಾರ್ಟ್, ಹದಿನಾಲ್ಕು ಹೋಳು, ಹದಿನಾಲ್ಕು ಬಣ್ಣ, ಬದಿಯಲ್ಲಿ ಇಂಗ್ಲಿಷ್‌ನಲ್ಲಿ ಸಣ್ಣ ಅಕ್ಷರದ ಪಟ್ಟಿ. ದಿನವಿಡೀ ಬಣ್ಣದ ಜೊತೆಗೇ ಬದುಕುವ ಜನ ಅಲ್ಲಿ ಕೂತಿದ್ದರು. ಯಾವ ಹೋಳು ಯಾವ ಗೊಂಬೆ ಅಂತ ಒಬ್ಬರಿಗೂ ಗೊತ್ತಾಗಲಿಲ್ಲ. ಎಲ್ಲರೂ ತಲೆ ಆಡಿಸಿ, ಊಟ ಮಾಡಿ ವಾಪಸ್ ಬಂದರು. ನನಗೆ ಆ ದಿನ ತುಂಬಾ ಸಂಕಟವಾಯಿತು.

ಇದರಲ್ಲಿ ನೋಡುವವರ ತಪ್ಪು ಏನೂ ಇಲ್ಲ. ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಅನ್ನುವ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1984ರಲ್ಲೇ ಜನರ ಮೇಲೆ ಪ್ರಯೋಗ ಮಾಡಿ ತೋರಿಸಿದ್ದಾರೆ: ಒಂದೇ ಅಳತೆಯ ಗೆರೆಯ ಮೇಲೆ ನಿಂತ ಕಂಬಗಳನ್ನು ನಮ್ಮ ಕಣ್ಣು ಚೆನ್ನಾಗಿ ಹೋಲಿಸುತ್ತದೆ, ಕೋನವನ್ನು ಹೋಲಿಸುವುದರಲ್ಲಿ ಜಾಸ್ತಿ ತಪ್ಪುತ್ತದೆ. ಕಂಬದ ಚಾರ್ಟ್ ಹುಟ್ಟಿದ್ದೂ ಆಮದು ರಫ್ತಿನ ಲೆಕ್ಕಕ್ಕೇ. ವಿಲಿಯಂ ಪ್ಲೇಫೇರ್ ಅನ್ನುವವರು 1786ರಲ್ಲಿ ಸ್ಕಾಟ್ಲೆಂಡ್‌ನ ವ್ಯಾಪಾರವನ್ನು ಕಂಬಗಳಲ್ಲಿ ಬರೆದು ತೋರಿಸಿದರು. ಪೈ ಚಾರ್ಟ್ ಕೂಡ ಅವರದ್ದೇ, 1801ರದ್ದು. ಎರಡು ಮೂರು ಹೋಳಿದ್ದರೆ ಪೈ ನಡೆಯುತ್ತದೆ, ಹದಿನಾಲ್ಕಕ್ಕೆ ಖಂಡಿತ ಬೇಡ.

ಕಂಬ ಎಳೆದರೆ ಸೊನ್ನೆಯಿಂದ ಎಳೆಯಬೇಕು. ಅದೇ ಸರ್ಕಾರಿ ಅಂಕಿಯಲ್ಲಿ ಮೂರೂ ಕೋಡ್ ಸೇರಿಸಿದ ರಫ್ತು 20.2 ಕೋಟಿ ಡಾಲರ್‌ನಿಂದ 32.6 ಕೋಟಿಗೆ ಏರಿದೆ, ಅಂದರೆ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಅದು ಒಳ್ಳೆಯ ಸುದ್ದಿಯೇ. ಕಂಬವನ್ನು 15 ಕೋಟಿಯಿಂದ ಶುರು ಮಾಡಿದರೆ ಎರಡನೆಯ ಕಂಬ ಮೊದಲನೆಯದಕ್ಕಿಂತ ಮೂರು ಪಟ್ಟಿಗೂ ಮಿಕ್ಕಿ ಎತ್ತರ ಕಾಣುತ್ತದೆ. ಅಂಕಿ ಒಂದೂ ಸುಳ್ಳಲ್ಲ, ಚಿತ್ರ ಪೂರ್ತಿ ಸುಳ್ಳು.

ಕನ್ನಡಕ್ಕೆ ಅಂತಲೇ ಇರುವ ತೊಂದರೆಗಳೂ ಇವೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಇಂಗ್ಲಿಷ್‌ಗೆ ಅಳೆದ ಜಾಗದಲ್ಲಿ "ಅಕ್ಟೋಬರ್" ಅಂತ ಹಾಕಿದರೆ ಟ ಒತ್ತು ಕತ್ತರಿಸಿ ಹೋಗುತ್ತದೆ. ಜಾಗ ಸಾಲದು ಅಂತ ಹೆಸರನ್ನು ಓರೆಯಾಗಿ ತಿರುಗಿಸುತ್ತಾರೆ, ಓದುವವರು ಕತ್ತು ಓರೆ ಮಾಡಬೇಕು. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಾರ್ಟ್ ಬರೆಯಲು ಬಹಳ ಜನ ಬಳಸುವ ಮ್ಯಾಟ್‌ಪ್ಲಾಟ್‌ಲಿಬ್ ಅನ್ನುವ ಸಾಧನದಲ್ಲಿ ಚಿತ್ರ ಮಾಡುವಾಗ ನನಗೆ ಒತ್ತಕ್ಷರಗಳು ಬಿಚ್ಚಿಕೊಂಡು ಬೇರೆ ಬೇರೆಯಾಗಿ ಬಂದವು, ಅದನ್ನೇ ಬ್ರೌಸರ್‌ನಲ್ಲಿ ಬರೆಸಿದಾಗ ಸರಿಯಾಗಿ ಕೂತವು. ನಾನು ಕಂಡುಕೊಂಡ ಸುಲಭದ ದಾರಿ ಕಂಬಗಳನ್ನು ಮಲಗಿಸುವುದು. ಹೆಸರು ಎಡಗಡೆ ನೇರವಾಗಿ, ದೊಡ್ಡದಾಗಿ ಬರುತ್ತದೆ, ಕಂಬ ಬಲಗಡೆ ಚಾಚುತ್ತದೆ, ತುದಿಯಲ್ಲಿ ಅಂಕಿ. ಅಂಕಿಗೆ ಅಲ್ಪವಿರಾಮ ನಮ್ಮ ಲಕ್ಷದ ಲೆಕ್ಕದಲ್ಲೇ ಇರಲಿ, 1,50,000 ಅಂತ. "150ಕೆ" ಅಂದರೆ ನಮ್ಮ ಓಣಿಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಕೆಂಪು ಹಸಿರು ಎರಡನ್ನೇ ನಂಬಿ ಒಳ್ಳೆಯದು ಕೆಟ್ಟದು ತೋರಿಸುವುದೂ ಬೇಡ, ಆ ಎರಡರ ವ್ಯತ್ಯಾಸ ಕಾಣದ ಕಣ್ಣುಗಳೂ ಇರುತ್ತವೆ.

ತಿಂಗಳ ಲೆಕ್ಕದ ಬಗ್ಗೆ ಒಂದು ಮಾತು. ದಸರೆ ಹತ್ತಿರ ಬಂದಾಗ ಗೊಂಬೆ ಕೂರಿಸುವವರಿಂದ ವ್ಯಾಪಾರ ಏರುತ್ತದೆ, ಮುಗಿದ ಮೇಲೆ ಇಳಿಯುತ್ತದೆ. ಹೋದ ತಿಂಗಳಿಗೆ ಹೋಲಿಸಿ ಇಳಿಕೆ ತೋರಿಸಿದರೆ ಪ್ರತಿ ವರ್ಷವೂ ಗಾಬರಿ. ಹೋದ ವರ್ಷದ ಅದೇ ಹಬ್ಬಕ್ಕೆ ಹೋಲಿಸಬೇಕು, ದಸರೆ ಒಮ್ಮೆ ಸೆಪ್ಟೆಂಬರ್ ಕೊನೆಗೆ ಬರುತ್ತದೆ, ಒಮ್ಮೆ ಅಕ್ಟೋಬರ್‌ನಲ್ಲಿ, ಹಾಗಾಗಿ ಬರೀ ತಿಂಗಳು ನೋಡಿದರೂ ಸಾಲದು. ಇನ್ನೊಂದು, 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು, ಆ ಸುಮಾರಿಗೆ ಗಾಡಿಗಳು ಊರಿನ ಹೊರಗಿನಿಂದಲೇ ಹೋಗತೊಡಗಿದವು. ಹಳೇ ರಸ್ತೆ ಬದಿಯ ಗೊಂಬೆ ಅಂಗಡಿಗಳ ಮುಂದೆ ನಿಲ್ಲುತ್ತಿದ್ದ ಕಾರುಗಳು ಕಮ್ಮಿಯಾದವು. ಹೊರಗಿನವರು ಆ ಗೆರೆ ನೋಡಿದರೆ ಜನಕ್ಕೆ ಮರದ ಗೊಂಬೆ ಬೇಡವಾಯಿತು ಅಂದುಕೊಳ್ಳಬಹುದು. ಚಿಕ್ಕಪ್ಪನ ಆ್ಯಪ್‌ನಲ್ಲಿ ಆ ತಿಂಗಳ ಮೇಲೆ ಒಂದು ಚುಕ್ಕೆ ಇಟ್ಟು "ಹೊಸ ರಸ್ತೆ" ಅಂತ ಬರೆದಿದ್ದೇವೆ. ಆ ಎರಡು ಪದ ಬರೆಸಿದ್ದು ಅವರೇ.

ಸರ್ಕಾರದ ಇಲಾಖೆಗಳಿಗೆ ನನ್ನ ಬೇಡಿಕೆ ಸಣ್ಣದು. ಅಂಕಿಗಳನ್ನು ಪಿಡಿಎಫ್ ಚಿತ್ರವಾಗಿ ಹಾಕಬೇಡಿ, ಕೋಷ್ಟಕವಾಗಿ, ಕನ್ನಡದಲ್ಲೂ ಕೊಡಿ. ಮರದ ಗೊಂಬೆಯನ್ನು ಪ್ಲಾಸ್ಟಿಕ್‌ನಿಂದ ಬೇರೆ ಮಾಡಿ ಎಣಿಸಿ. ಚನ್ನಪಟ್ಟಣದ ಗೊಂಬೆಗೂ ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗೂ ಭೌಗೋಳಿಕ ಗುರುತಿನ ಮಾನ್ಯತೆ (ಆ ಊರಿನದ್ದೇ ಅನ್ನುವ ಜಿಐ ಗುರುತು) ಇದೆ, ಎರಡರ ಮರ ಬೇರೆ, ಕೆಲಸ ಬೇರೆ, ಗಿರಾಕಿಗಳೂ ಬೇರೆ. ಅವುಗಳ ಲೆಕ್ಕವೂ ಬೇರೆಯಾಗಿ ಸಿಗಬೇಕು. ಆಗ "ನಮ್ಮದು ಎಲ್ಲಿದೆ" ಅಂತ ಕೇಳಿದವರಿಗೆ ಬೆರಳಿಟ್ಟು ತೋರಿಸಬಹುದು.

ಸಂಪಾದಕರೇ, ನಿಮ್ಮ ಹತ್ತಿರವೂ ಒಂದು ಕೇಳಿಕೆ. ಈ ಸಲ ದಸರೆ ಹೊತ್ತಿಗೆ ಗೊಂಬೆ ವ್ಯಾಪಾರದ ಬಗ್ಗೆ ಬರೆಯುವಾಗ ಚಾರ್ಟ್ ಹಾಕಿದರೆ ಅದರ ಕೆಳಗೆ ಒಂದು ಸಾಲು ಸೇರಿಸಿ: ಯಾವ ವರ್ಷದ್ದು, ಬೆಲೆಯೋ ಸಂಖ್ಯೆಯೋ, ಯಾವ ಯಾವ ಕೋಡ್ ಸೇರಿದೆ. ಅಕ್ಷರ ಸ್ವಲ್ಪ ದೊಡ್ಡದಾಗಿರಲಿ. ಚಿಕ್ಕಪ್ಪ ಬೆಳಿಗ್ಗೆ ಲೇತ್ ಹತ್ತುವ ಮೊದಲು ಪೇಪರ್ ಓದುತ್ತಾರೆ.

– ಚನ್ನಪಟ್ಟಣದ ಒಬ್ಬ ಓದುಗಿ