ನನ್ನ ಥರ್ಮೋಸ್ಟಾಟ್ ಎಲ್ಲಿ ಹೋಯ್ತು?

ಸರ್ವಿಸ್ ಮ್ಯಾನೇಜರ್ ಅವರಿಗೆ,
ಮೈಸೂರು

ವಿಷಯ: 1972ರ ಎಂಜಿಬಿ (ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಕಾರಿನ ಕೂಲಿಂಗ್ ಕೆಲಸ ಕೆಟ್ಟಿರುವ ಬಗ್ಗೆ

ಮಾನ್ಯರೇ,

ಫೆಬ್ರವರಿ ಕೊನೇ ವಾರ ನನ್ನ ಕಾರನ್ನು ನಿಮ್ಮ ಗ್ಯಾರೇಜಿನಲ್ಲಿ ಬಿಟ್ಟಿದ್ದೆ. ಆಗ ಕಾರು ಬಿಸಿ ಆಗುತ್ತಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೇಸಿಗೆಗೆ ಮುಂಚೆ ರೇಡಿಯೇಟರ್, ಎಂಜಿನ್ ಬ್ಲಾಕ್ ಕ್ಲೀನ್ ಮಾಡಿಸಿ, ಹೋಸ್, ಫ್ಯಾನ್ ಬೆಲ್ಟ್ ಬದಲಾಯಿಸಿ, ಹೊಸ ಕೂಲಂಟ್ ಹಾಕಿಸೋಣ ಅಂತಷ್ಟೇ ಬಂದಿದ್ದು. 18,400 ರೂಪಾಯಿ ಬಿಲ್ ಆಯಿತು, ಕೊಟ್ಟೆ. ಮೈಸೂರಿನಿಂದ ಸುಂಟಿಕೊಪ್ಪದ ಮನೆಯವರೆಗೆ ಏನೂ ತೊಂದರೆ ಆಗಲಿಲ್ಲ. ಸಂಜೆ ತಂಪಿತ್ತು, ಕುಶಾಲನಗರದ ತನಕ ದೊಡ್ಡ ಏರೂ ಇಲ್ಲ.

ಮಾರ್ಚ್ ಎರಡನೇ ಭಾನುವಾರ ಸುಳ್ಯದಲ್ಲಿ ಮದುವೆ ಊಟ ಮುಗಿಸಿ ವಾಪಸ್ ಹೊರಟೆವು. ಸಂಪಾಜೆ ದಾಟಿ ಘಾಟಿ ಹತ್ತುವಾಗ, ಕೊಯನಾಡಿನಲ್ಲೇ ಟೆಂಪರೇಚರ್ ಮೀಟರಿನ ಮುಳ್ಳು 'ಎನ್' (ನಾರ್ಮಲ್) ಬಿಟ್ಟು 'ಎಚ್' (ಹಾಟ್) ಕಡೆ ನಡೆಯಿತು. ಮುಂದೆ ಲೋಡ್ ಲಾರಿ, ನಮ್ಮದು ಎರಡನೇ ಗೇರು. ಹೀಟರ್ ಪೂರ್ತಿ ಹಾಕಿದೆ. ಅದೂ ಒಂದು ಪುಟ್ಟ ರೇಡಿಯೇಟರೇ ಅಲ್ವಾ, ಎಂಜಿನ್ನಿನ ಶಾಖ ಸ್ವಲ್ಪ ಎಳೆದುಕೊಳ್ಳುತ್ತದೆ. ಮಾರ್ಚ್ ಮಧ್ಯಾಹ್ನ, ರೇಷ್ಮೆ ಸೀರೆ ಉಟ್ಟ ಹೆಂಡತಿಯ ಕಾಲಿಗೆ ಬಿಸಿಗಾಳಿ! ಅವಳು ಏನಂದಳು ಅಂತ ಇಲ್ಲಿ ಬರೆಯುವುದು ಬೇಡ. ಜೋಡುಪಾಲದ ಹತ್ತಿರ ಬಾನೆಟ್ ಸಂದಿಯಿಂದ ಹಬೆ ಬಂತು. ಬದಿಗೆ ಹಾಕಿ ನಿಲ್ಲಿಸಿದೆ.

ಅಲ್ಲಿಂದಲೇ ನಿಮಗೆ ಫೋನ್ ಮಾಡಿದೆ. "ಹಳೇ ಗಾಡಿ ಸಾರ್, ಘಾಟಿಯಲ್ಲಿ ಬಿಸಿ ಆಗೇ ಆಗುತ್ತೆ" ಅಂದಿರಿ. ಈ ಮಾತು ಕೇಳಿಯೇ ಪತ್ರ ಬರೆಯಲು ಕೂತಿದ್ದು. ನಮ್ಮ ಚಿಕ್ಕಪ್ಪ ಇದೇ ಕಾರಿನಲ್ಲಿ ಇದೇ ಘಾಟಿಯನ್ನು ಎಷ್ಟೋ ವರ್ಷ ಹತ್ತಿದ್ದಾರೆ. ಆಮೇಲೆ ನಾನೂ ಹತ್ತಿದ್ದೇನೆ. ಒಂದು ದಿನವೂ ಕುದಿದಿರಲಿಲ್ಲ.

ಕಾರನ್ನು ಎಳೆಸಿಕೊಂಡು ಬಂದು ಮಡಿಕೇರಿಯ ಒಬ್ಬ ಹಳೇ ಮೆಕ್ಯಾನಿಕ್ ಮುಂದೆ ಬಿಚ್ಚಿಸಿದೆ. ಮೊದಲು ಸಿಕ್ಕಿದ್ದು ನೀವು ಹಾಕಿದ ಹೊಸ ರೇಡಿಯೇಟರ್ ಕ್ಯಾಪ್. ನೋಡಲು ಚೆನ್ನಾಗೇ ಇದೆ. ಅವರು ಅದರ ರಬ್ಬರಿಗೆ ಒಂಚೂರು ಗ್ರೀಸ್ ಹಚ್ಚಿ, ಮುಚ್ಚಿ, ತಿರುಗಿಸಿ ತೆಗೆದರು. ಒಳಗಿನ ಸೀಟಿಗೆ ಗ್ರೀಸ್ ತಾಗಿಯೇ ಇರಲಿಲ್ಲ! ಬೇರೆ ಯಾವುದೋ ಗಾಡಿಯ ಕ್ಯಾಪ್ ಅದು, ಆಳ ಕಮ್ಮಿ. ಅಂದರೆ ಒಳಗೆ ಒತ್ತಡವೇ ನಿಲ್ಲುತ್ತಿರಲಿಲ್ಲ. ಈ ಕಾರಿಗೆ 10 ಪಿಎಸ್ಐ ಒತ್ತಡ ಹಿಡಿಯುವ ಕ್ಯಾಪ್ ಬೇಕು. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ, ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಒತ್ತಡ ನಿಂತಿದ್ದರೆ 110 ದಾಟುವ ತನಕ ಕುದಿಯುತ್ತಿರಲಿಲ್ಲ. ಮೈಸೂರಿನಲ್ಲಿ ಟ್ರಯಲ್ ನೋಡಿದವರಿಗೆ ಇದು ಗೊತ್ತಾಗದೆ ಇರಬಹುದು. ಆದರೆ ಕಾರು ಕೊಡಗಿನದು ಅಂತ ಜಾಬ್ ಕಾರ್ಡಿನಲ್ಲಿ ನೀವೇ ಬರೆದಿದ್ದೀರಿ.

ಆಮೇಲೆ ಥರ್ಮೋಸ್ಟಾಟ್ ಹೌಸಿಂಗ್‌ನ ಮೂರು ನಟ್ ಬಿಚ್ಚಿದರು. ಎಂಜಿನ್ ಬೆಚ್ಚಗಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್ ಇರಬೇಕಾದ ಜಾಗ ಅದು. ಒಳಗೆ ಖಾಲಿ. ಎರಡು ವಾರದಿಂದ ಬೆಳಿಗ್ಗೆ ಮುಳ್ಳು 'ಸಿ' (ಕೋಲ್ಡ್) ಬಿಟ್ಟು ಮೇಲೇಳಲು ಅಷ್ಟು ಹೊತ್ತು ಯಾಕೆ ಅಂತ ಯೋಚಿಸುತ್ತಿದ್ದೆ, ಉತ್ತರ ಅಲ್ಲಿತ್ತು. ಬಿಸಿ ಆಗದಿರಲಿ ಅಂತ ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಅಭ್ಯಾಸ ನಮ್ಮ ಕಡೆ ಬಹಳ ಹಳೆಯದು. ಈ ಎಂಜಿನ್‌ಗೆ ಅದು ಒಗ್ಗುವುದಿಲ್ಲ. ರೇಸಿಗೆ ಅಂತ ತೆಗೆಯುವವರೂ ಆ ಜಾಗದಲ್ಲಿ ಒಂದು ಬ್ಲಾಂಕಿಂಗ್ ಸ್ಲೀವ್ (ನೀರು ಅಡ್ಡದಾರಿ ಹಿಡಿಯದಂತೆ ತಡೆಯುವ ಲೋಹದ ಬಳೆ) ಕೂರಿಸುತ್ತಾರೆ. ಇಲ್ಲದಿದ್ದರೆ ಹಿಂದಿನ ಸಿಲಿಂಡರ್‌ಗಳ ಕಡೆ ನೀರು ಸರಿಯಾಗಿ ಹರಿಯುವುದಿಲ್ಲ. ಚಳಿಯಲ್ಲಿ ಎಂಜಿನ್ ಬೆಚ್ಚಗಾಗಲ್ಲ, ಘಾಟಿಯಲ್ಲಿ ಕುದಿಯುತ್ತದೆ. ಎರಡು ಕಡೆಯಿಂದಲೂ ನಷ್ಟ.

ಇನ್ನು 'ಬ್ಲಾಕ್ ಫ್ಲಶ್' ಅಂತ ಬಿಲ್ಲಿನಲ್ಲಿ 2,200 ರೂಪಾಯಿ ಇದೆ. ಬ್ಲಾಕಿನ ಡ್ರೈನ್ ಟ್ಯಾಪ್ ತೆಗೆದರೆ ಒಂದು ಹನಿಯೂ ಬರಲಿಲ್ಲ, ತುಕ್ಕು ಕಟ್ಟಿ ಮುಚ್ಚಿಹೋಗಿತ್ತು. ತಂತಿ ಹಾಕಿ ಚುಚ್ಚಿದ ಮೇಲೆ ಸುರಿದ ನೀರು ಕಾಫಿ ಪಲ್ಪಿಂಗ್ ಮಾಡಿದಾಗ ಚರಂಡಿಗೆ ಬರುತ್ತದಲ್ಲ, ಥೇಟ್ ಅದೇ ಬಣ್ಣ. ಫೋಟೋ ಕಳಿಸಿದ್ದೇನೆ.

ಪಾರ್ಟ್ಸ್ ಸಿಗಲ್ಲ ಅನ್ನಬೇಡಿ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಜಾಸ್ತಿ ತಯಾರಾದ ಕಾರು ಇದು. 82 ಡಿಗ್ರಿಯ ಥರ್ಮೋಸ್ಟಾಟ್ ಈಗಲೂ ತರಿಸಬಹುದು. ಸಿಗದಿದ್ದರೂ ಪರವಾಗಿಲ್ಲ, ಒಂದು ಫೋನ್ ಮಾಡಿ ಕೇಳಬಹುದಿತ್ತು. ನನ್ನ ಕಾರಿನಿಂದ ಒಂದು ಸಾಮಾನು ತೆಗೆದು, ಬಾಯಿ ಬಿಡದೆ, ಬಿಲ್ಲಿನಲ್ಲೂ ಬರೆಯದೆ ಕಳಿಸಿದ್ದೀರಲ್ಲ, ನನಗೆ ದುಡ್ಡಿಗಿಂತ ಅದೇ ಜಾಸ್ತಿ ಬೇಜಾರು. ಅದೃಷ್ಟಕ್ಕೆ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಉಳಿದಿದೆ. ಕಂಪ್ರೆಶನ್ ನಾಲ್ಕೂ ಸಿಲಿಂಡರಿನಲ್ಲಿ ಸರಿ ಇದೆ.

ಬ್ಲಾಕ್ ಫ್ಲಶ್ ಮತ್ತು ಕ್ಯಾಪಿನ ಹಣ, ಕಾರು ಎಳೆಸಿದ 4,500, ಮಡಿಕೇರಿಯಲ್ಲಿ ಬಿಚ್ಚಿಸಿದ 2,600 ರೂಪಾಯಿ ವಾಪಸ್ ಕೊಡಿ. ಏನೇನು ತೆಗೆದಿರಿ, ಏನೇನು ಹಾಕಿದಿರಿ ಅಂತ ಬರಹದಲ್ಲಿ ಕೊಡಿ. 15 ದಿನ ಕಾಯುತ್ತೇನೆ. ಆಮೇಲೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆ ಪ್ರಕಾರ ನಾನಿರುವ ಊರಿನಲ್ಲೇ ದೂರು ಕೊಡಬಹುದು, ಮೈಸೂರಿಗೆ ಓಡಾಡುವ ಕಷ್ಟ ನನಗಿಲ್ಲ.

ಹಳೇ ಥರ್ಮೋಸ್ಟಾಟ್, ಹಳೇ ಕ್ಯಾಪ್ ಎರಡೂ ನಿಮ್ಮ ಗುಜರಿ ಡಬ್ಬದಲ್ಲಿ ಇನ್ನೂ ಇದ್ದರೆ ದಯವಿಟ್ಟು ಹುಡುಕಿಸಿ. ಸುಂಟಿಕೊಪ್ಪಕ್ಕೆ ಬರುವ ಬಸ್ಸಿಗೆ ಪಾರ್ಸೆಲ್ ಹಾಕಿದರೆ ಸಾಕು, ನಾನೇ ಬಂದು ತಗೊಳ್ಳುತ್ತೇನೆ.

ಇತಿ,
ಕಾರಿನ ಮಾಲೀಕ
ಸುಂಟಿಕೊಪ್ಪ, ಕೊಡಗು