ನೀಲಿ ಕವರಿನ ಮೇಲೆ ಕನ್ನಡವೂ ಇರಲಿ

ಮಾನ್ಯ ಸಂಪಾದಕರೇ,

ಕೇರಳದಲ್ಲಿ ಈಗ ಆಂಟಿಬಯೋಟಿಕ್ ಮಾತ್ರೆಗಳನ್ನು ನೀಲಿ ಕವರಿನಲ್ಲಿ ಕೊಡುವ ಕ್ರಮ ಬಂದಿದೆ. 2024ರಲ್ಲಿ ‘ಆಪರೇಷನ್ ಅಮೃತ್’ ಎಂಬ ಸರಕಾರಿ ಕಾರ್ಯಾಚರಣೆ ಶುರುವಾದ ಮೇಲೆ, ವೈದ್ಯರ ಚೀಟಿ ಇಲ್ಲದೆ ಇವನ್ನು ಮಾರುವ ಅಂಗಡಿಗಳ ಮೇಲೂ ಕಣ್ಣಿಟ್ಟಿದ್ದಾರೆ. ತುಂಬಾ ಒಳ್ಳೆಯ ಕೆಲಸ. ಶೀತ ಬರುವುದು ವೈರಸ್ಸಿನಿಂದ, ಅದಕ್ಕೆ ಈ ಮಾತ್ರೆ ನಾಟುವುದೇ ಇಲ್ಲ. ಸುಮ್ನೆ ನುಂಗುತ್ತಾ ಹೋದರೆ ಬ್ಯಾಕ್ಟೀರಿಯಾಗಳು ಮದ್ದಿಗೆ ಬಗ್ಗದಂತಾಗುತ್ತವೆ.

ಕಳೆದ ತಿಂಗಳು ಅಮ್ಮನ ಕಾಲಿನ ಗಾಯಕ್ಕೆ ಐದು ದಿನದ ಮಾತ್ರೆ ಕೊಟ್ಟರು. ಕವರಿನ ಮೇಲಿದ್ದದ್ದು ಮಲಯಾಳ, ಇಂಗ್ಲಿಷ್. ಅಮ್ಮ ಓದಿದ್ದು ಕನ್ನಡ ಶಾಲೆಯಲ್ಲಿ, ನಾಲ್ಕನೇ ತರಗತಿವರೆಗೆ. ಮೂರನೇ ದಿನ ನೋವು ಇಳಿಯಿತು. ಉಳಿದ ಮಾತ್ರೆಗಳನ್ನು ಕವರಿನಲ್ಲೇ ಮಡಚಿ ಅಕ್ಕಿ ಡಬ್ಬದ ಮೇಲಿಟ್ಟಿದ್ದರು. “ಇನ್ನೊಮ್ಮೆಗೆ ಬೇಕಾಗ್ತದೆ ಅಲ್ವಾ?” ಎಂದರು.

ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಎಣ್ಮಕಜೆ ಕಡೆ ಕನ್ನಡ ಮಾತ್ರ ಓದಬಲ್ಲ ಇಂಥ ಅಮ್ಮಂದಿರು ಜಾಸ್ತಿ. ಹೇಳಿದಷ್ಟು ದಿನ ತಿನ್ನಿ, ಉಳಿಸಿ ಇನ್ನೊಬ್ಬರಿಗೆ ಕೊಡಬೇಡಿ ಎಂದು ಕನ್ನಡದಲ್ಲಿ ಎರಡು ಸಾಲು ಅಚ್ಚು ಹಾಕಿಸಲಿ. ಅಲ್ಲಿವರೆಗೆ ಮದ್ದಿನ ಅಂಗಡಿಯವರು ಕನ್ನಡದಲ್ಲೋ ತುಳುವಿನಲ್ಲೋ ಬಾಯಲ್ಲಾದರೂ ಹೇಳಿ ಕೊಡಲಿ.

– ಒಬ್ಬ ಓದುಗ, ಬದಿಯಡ್ಕ